ಫಾಲ್ ಸೀಸನ್‌ನಲ್ಲಿ ಮಿಲ್ಕ್ ಸ್ನೇಕ್ ನೋಡುವುದು ಹೇಗೆ? ಈಶಾನ್ಯ ಅಮೆರಿಕದಲ್ಲಿರುವವರಿಗೆ ಸಮಗ್ರ ಮಾರ್ಗದರ್ಶಿ

ಸೆಪ್ಟೆಂಬರ್ ಕೊನೆ ಬಂತೆಂದರೆ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿರುವ ನಮ್ಮವರು ಎಲೆಗಳ ಬಣ್ಣ ನೋಡಲು ಕಾರು ಹತ್ತುತ್ತಾರೆ. ಕ್ಯಾಟ್‌ಸ್ಕಿಲ್, ಬರ್ಕ್‌ಶೈರ್, ಪೋಕನೋ, ಎಲ್ಲಿ ನೋಡಿದರೂ ಜನ. ಎಲ್ಲರ ಕಣ್ಣೂ ಮರದ ಮೇಲೆ. ಅದೇ ಹೊತ್ತಿಗೆ ಆ ಮರಗಳ ಬುಡದ ಹಳೇ ಕಲ್ಲುಗೋಡೆಗಳಲ್ಲಿ ಒಂದು ಚೆಂದದ ಹಾವು ಚಳಿಗಾಲದ ಬಿಡಾರ ಸೇರುತ್ತಿರುತ್ತದೆ. ಅದರ ಹೆಸರು ಈಸ್ಟರ್ನ್ ಮಿಲ್ಕ್ ಸ್ನೇಕ್. ವಿಷವಿಲ್ಲ, ನಾಚಿಕೆ ಜಾಸ್ತಿ. ಊರ ಪಕ್ಕದಲ್ಲೇ ಇದ್ದರೂ ಎಷ್ಟೋ ಜನ ಇದನ್ನು ನೋಡಿಯೇ ಇರುವುದಿಲ್ಲ.

ವಸಂತದಲ್ಲಿ ಹಾವು ಹುಡುಕುವವರು ಕಲ್ಲು, ಹಲಗೆ ಎತ್ತಿ ನೋಡುತ್ತಾ ಹೋಗುತ್ತಾರೆ. ಫಾಲ್‌ನಲ್ಲಿ (ಅಂದರೆ ಎಲೆ ಉದುರುವ ಈ ಕಾಲದಲ್ಲಿ) ನನ್ನ ಸಲಹೆ ಬೇರೆ. ಹಾವಿನ ಚಳಿಗಾಲದ ಮನೆ ಎಲ್ಲಿರಬಹುದು ಅಂತ ಮೊದಲು ಲೆಕ್ಕ ಹಾಕಿ. ಆಮೇಲೆ ಅಲ್ಲಿ ನಿಧಾನಕ್ಕೆ ನಡೆಯಿರಿ. ಈ ಸೀಸನ್‌ನಲ್ಲಿ ಎಲ್ಲ ಹಾವುಗಳ ದಾರಿಯೂ ಅತ್ತ ಕಡೆಗೇ.

ಹಂತ 1: ಹಾವಿನ ಪರಿಚಯ ಮಾಡಿಕೊಳ್ಳಿ

ಬೆಳೆದ ಮಿಲ್ಕ್ ಸ್ನೇಕ್ ಸಾಮಾನ್ಯವಾಗಿ 60ರಿಂದ 90 ಸೆಂ.ಮೀ. ಉದ್ದ. ದಾಖಲೆಯ ಉದ್ದ ಸುಮಾರು 132 ಸೆಂ.ಮೀ. ಮೈ ಬೂದು ಅಥವಾ ತಿಳಿ ಕಂದು. ಬೆನ್ನಿನ ಮೇಲೆ ಕೆಂಗಂದು ಬಣ್ಣದ ದೊಡ್ಡ ಮಚ್ಚೆಗಳು, ಒಂದೊಂದಕ್ಕೂ ಕಪ್ಪು ಅಂಚು. ಪಕ್ಕೆಗಳಲ್ಲಿ ಇನ್ನೊಂದಿಷ್ಟು ಸಣ್ಣ ಮಚ್ಚೆಗಳು. ಕತ್ತಿನ ಹಿಂದೆ ತಿಳಿ ಬಣ್ಣದಲ್ಲಿ ಇಂಗ್ಲಿಷಿನ ವೈ ಅಥವಾ ವಿ ಅಕ್ಷರದಂಥ ಗುರುತು. ಹೊಟ್ಟೆಯಲ್ಲಿ ಕಪ್ಪು ಬಿಳುಪಿನ ಚೌಕಳಿ. ಹುರುಪೆಗಳು ನುಣುಪಾಗಿರುವುದರಿಂದ ಬಿಸಿಲಿಗೆ ಮೈ ಹೊಳೆಯುತ್ತದೆ.

ಮರಿಗಳಲ್ಲಿ ಈ ಕೆಂಪು ಇನ್ನೂ ಗಾಢ. ವಯಸ್ಸಾದಂತೆ ಬಣ್ಣ ಮಂಕಾಗುತ್ತದೆ. ಫಾಲ್‌ನಲ್ಲಿ ಹುಡುಕಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ: ಜೂನ್, ಜುಲೈನಲ್ಲಿ ಇಟ್ಟ ಮೊಟ್ಟೆಗಳು ಒಡೆಯುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಆಗ ತಾನೇ ಹೊರಬಂದ 15ರಿಂದ 25 ಸೆಂ.ಮೀ. ಉದ್ದದ ಮರಿಗಳು ಓಡಾಡಿಕೊಂಡಿರುತ್ತವೆ.

ಹಿಂದೆ ಕೆನಡಾದಿಂದ ದಕ್ಷಿಣ ಅಮೆರಿಕದವರೆಗಿನ ಮಿಲ್ಕ್ ಸ್ನೇಕ್‌ಗಳನ್ನೆಲ್ಲ ಒಂದೇ ಜಾತಿ ಅಂತ ಎಣಿಸುತ್ತಿದ್ದರು. 2014ರಲ್ಲಿ ಡಿಎನ್‌ಎ ಆಧಾರದ ಮೇಲೆ ಅದನ್ನು ಏಳು ಜಾತಿಗಳಾಗಿ ವಿಂಗಡಿಸಿದರು. ಈಗ ಲ್ಯಾಂಪ್ರೋಪೆಲ್ಟಿಸ್ ಟ್ರಯಾಂಗ್ಯುಲಮ್ ಅನ್ನುವ ಹೆಸರು ಉಳಿದಿರುವುದು ಈ ಪೂರ್ವದ ಹಾವಿಗೆ. ಈ ಬರಹ ಇದರ ಬಗ್ಗೆ ಮಾತ್ರ. ಫ್ಲಾರಿಡಾ, ಟೆಕ್ಸಾಸ್ ಕಡೆ ಇರುವವರು ಇದನ್ನೇ ನಂಬಿಕೊಂಡು ಹೊರಡಬೇಡಿ. ಅಲ್ಲಿ ಕೆಂಪು, ಹಳದಿ, ಕಪ್ಪು ಪಟ್ಟೆಯ ಕೋರಲ್ ಸ್ನೇಕ್ ಇದೆ, ಅದಕ್ಕೆ ವಿಷವಿದೆ.

ಹೆಸರಿನ ಕತೆ ನಮಗೆ ಹೊಸದೇನಲ್ಲ. ಕೇರೆ ಹಾವು ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿಗೆ ಬಾಯಿ ಹಾಕುತ್ತದೆ ಅಂತ ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರಲ್ಲ, ಅದೇ ಆರೋಪವನ್ನು ಅಮೆರಿಕದ ರೈತರು ಈ ಹಾವಿನ ಮೇಲೆ ಹೊರಿಸಿದ್ದರು. ಎರಡೂ ಹಾವು ಕೊಟ್ಟಿಗೆಗೆ ಬರುವುದು ಇಲಿಗಾಗಿ. ಹಾವಿನ ಬಾಯಿ ಹಾಲು ಹೀರುವಂತೆ ಇಲ್ಲ. ಆ ಸೂಜಿಹಲ್ಲು ಕೆಚ್ಚಲಿಗೆ ತಾಗಿದರೆ ಯಾವ ಹಸುವೂ ಸುಮ್ನೆ ನಿಲ್ಲುವುದಿಲ್ಲ.

ಹಂತ 2: ಕಾಪರ್‌ಹೆಡ್ ಅಲ್ಲ ಅಂತ ಖಚಿತ ಮಾಡಿಕೊಳ್ಳಿ

ಇದನ್ನು ಕಲಿಯದೆ ಮುಂದಿನ ಹಂತಕ್ಕೆ ಹೋಗಬೇಡಿ. ಊರಲ್ಲಿ ತೋಳ ಹಾವನ್ನು ಕಟ್ಟು ಹಾವು ಅಂದುಕೊಂಡು ಹೊಡೆಯುತ್ತಾರೆ. ಇಲ್ಲಿ ಮಿಲ್ಕ್ ಸ್ನೇಕನ್ನು ಕಾಪರ್‌ಹೆಡ್ ಅಂದುಕೊಂಡು ಹೊಡೆಯುತ್ತಾರೆ. ಕಾಪರ್‌ಹೆಡ್ ನಮ್ಮ ಕೊಳಕು ಮಂಡಲದ ಬಳಗದ್ದು, ವಿಷದ ಹಾವು.

ಮೇಲಿಂದ ನೋಡಿದಾಗ ಕಾಪರ್‌ಹೆಡ್‌ನ ಪಟ್ಟೆ ಡಮರುವಿನ ಆಕಾರದಲ್ಲಿರುತ್ತದೆ. ಬೆನ್ನುಮೂಳೆಯ ಮೇಲೆ ಕಿರಿದು, ಪಕ್ಕೆಗಳ ಕಡೆ ಅಗಲ. ಮಿಲ್ಕ್ ಸ್ನೇಕ್‌ನಲ್ಲಿ ಇದು ತಿರುವುಮುರುವು, ಮಚ್ಚೆ ಬೆನ್ನಿನ ಮೇಲೇ ಅಗಲ. ಕಾಪರ್‌ಹೆಡ್‌ನ ತಲೆ ತಾಮ್ರದ ಬಣ್ಣ, ಅದರ ಮೇಲೆ ವೈ ಗುರುತು ಇಲ್ಲ. ಮಚ್ಚೆಗೆ ಎದ್ದು ಕಾಣುವ ಕಪ್ಪು ಅಂಚೂ ಇಲ್ಲ. ಅದರ ಮರಿಗಳ ಬಾಲದ ತುದಿ ಹಳದಿ ಹಸಿರು. ಕಣ್ಣಿನ ಪಾಪೆ ಉದ್ದುದ್ದ ಸೀಳಿನಂತಿರುತ್ತದೆ. ಆದರೆ ಪಾಪೆ ನೋಡುವಷ್ಟು ಹತ್ತಿರ ಹೋಗಿ ಗುರುತು ಹಿಡಿಯುವ ಉಪಾಯ ಉಪಾಯವೇ ಅಲ್ಲ. "ತಲೆ ತ್ರಿಕೋನ ಇದ್ದರೆ ವಿಷದ್ದು" ಅನ್ನುವ ಮಾತನ್ನೂ ನಂಬಬೇಡಿ. ಹೆದರಿದರೆ ವಿಷವಿಲ್ಲದ ಎಷ್ಟೋ ಹಾವುಗಳು ತಲೆ ಚಪ್ಪಟೆ ಮಾಡಿಕೊಳ್ಳುತ್ತವೆ.

ಬಾಲ ಅಲ್ಲಾಡಿಸುವುದನ್ನು ನೋಡಿಯೂ ಜನ ಮೋಸ ಹೋಗುತ್ತಾರೆ. ಗಾಬರಿಯಾದ ಮಿಲ್ಕ್ ಸ್ನೇಕ್ ಬಾಲದ ತುದಿಯನ್ನು ಪಟಪಟ ಬಡಿಯುತ್ತದೆ. ಫಾಲ್‌ನಲ್ಲಿ ಕೆಳಗೆ ಒಣಗಿದ ಎಲೆ ರಾಶಿ ಬಿದ್ದಿರುತ್ತದಲ್ಲ, ಅದರ ಮೇಲೆ ಬಡಿದಾಗ ಬರುವ ಸದ್ದು ಥೇಟ್ ಬಾಲದಲ್ಲಿ ಗಿಲಕಿ ಇರುವ ವಿಷದ ರ‍್ಯಾಟಲ್ ಸ್ನೇಕ್‌ನದು. ಸದ್ದು ಕೇಳಿದರೆ ಅಲ್ಲೇ ನಿಲ್ಲಿ, ಹಾವು ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಿ, ಆಮೇಲೆ ಹಿಂದೆ ಸರಿಯಿರಿ. ನಿಜವಾದ ಟಿಂಬರ್ ರ‍್ಯಾಟಲ್ ಸ್ನೇಕ್ ಕೂಡ ಈ ಭಾಗದ ಬೆಟ್ಟಗಳಲ್ಲಿ ಅಲ್ಲಲ್ಲಿ ಇದೆ.

ನಿಮ್ಮ ರಾಜ್ಯದಲ್ಲಿ ಯಾವುದಿದೆ, ಯಾವುದಿಲ್ಲ ಅನ್ನುವುದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಮೇನ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಕಾಪರ್‌ಹೆಡ್ ಇಲ್ಲವೇ ಇಲ್ಲ. ಮೇನ್‌ನಲ್ಲಂತೂ ಈಗ ವಿಷದ ಹಾವೇ ಉಳಿದಿಲ್ಲ. ನ್ಯೂ ಜೆರ್ಸಿ, ಪೆನ್ಸಿಲ್ವೇನಿಯಾ, ಹಡ್ಸನ್ ಕಣಿವೆ, ಕನೆಕ್ಟಿಕಟ್ ಕಡೆ ಕಾಪರ್‌ಹೆಡ್ ಇದೆ.

ಹಂತ 3: ದಿನ ಆರಿಸಿಕೊಳ್ಳಿ

ನಮ್ಮ ಹಬ್ಬಗಳ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಗಣೇಶನ ಹಬ್ಬದ ಆಸುಪಾಸು ಮರಿಗಳ ಕಾಲ. ಮಹಾಲಯದಿಂದ ನವರಾತ್ರಿವರೆಗೆ ಬೆಳೆದ ಹಾವುಗಳು ಬಿಡಾರದ ಕಡೆ ಸರಿಯುತ್ತವೆ. ದೀಪಾವಳಿ ಹೊತ್ತಿಗೆ ಉತ್ತರದಲ್ಲಿ ಹೆಚ್ಚುಕಡಿಮೆ ಮುಗಿದಿರುತ್ತದೆ. ವರ್ಜೀನಿಯಾ ಕಡೆ ಇನ್ನೂ ಸ್ವಲ್ಪ ದಿನ ಸಿಗಬಹುದು.

ರಾತ್ರಿ ಚಳಿ, ಹಗಲು ಬಿಸಿಲು ಇರುವ ದಿನ ಬೇಕು. ರಾತ್ರಿ 5ರಿಂದ 8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಹಗಲು 16ರಿಂದ 21ಕ್ಕೆ ಏರಿದರೆ ಒಳ್ಳೆಯದು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ನೋಡಿ. ಒಂದೆರಡು ದಿನ ಮಳೆ ಬಿದ್ದು ಬಿಸಿಲು ಬಂದರೆ ಇನ್ನೂ ಅನುಕೂಲ. ಗಾಳಿ ಜೋರಾಗಿದ್ದರೆ ಮನೆಯಲ್ಲೇ ಇರಿ.

ಚಳಿ ಯಾಕೆ ಬೇಕು ಅಂತ ಕೇಳಬಹುದು. ಬೇಸಿಗೆಯಲ್ಲಿ ಈ ಹಾವು ರಾತ್ರಿ ಸಂಚಾರಿ, ಹಗಲು ನೆಲದೊಳಗೆ. ಫಾಲ್‌ನಲ್ಲಿ ರಾತ್ರಿ ತಣ್ಣಗಾಗುವುದರಿಂದ ಹಗಲಿನ ಶಾಖಕ್ಕೆ ಅದು ಮೇಲೆ ಬರಲೇಬೇಕು. ಆದರೂ ಇಲ್ಲಿ ಮಾಮೂಲಾಗಿ ಕಾಣುವ ಗಾರ್ಟರ್ ಹಾವಿನ ಹಾಗೆ ಬಯಲಲ್ಲಿ ಮೈ ಚಾಚಿ ಮಲಗುವುದು ಕಡಿಮೆ. ಬಿಸಿಲು ಕಾಯ್ದ ಚಪ್ಪಟೆ ಕಲ್ಲಿನ ಕೆಳಗೆ ಬೆನ್ನು ತಾಗಿಸಿಕೊಂಡು, ಕಲ್ಲಿನ ಮೂಲಕವೇ ಶಾಖ ತೆಗೆದುಕೊಳ್ಳುತ್ತದೆ. ಹಾಗಾಗಿ ಹತ್ತು ಗಾರ್ಟರ್ ಕಂಡು ಒಂದೂ ಮಿಲ್ಕ್ ಸ್ನೇಕ್ ಕಾಣದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಮಾಮೂಲು.

ಹಂತ 4: ಜಾಗ ಓದುವುದನ್ನು ಕಲಿಯಿರಿ

ನನ್ನ ಪ್ರಕಾರ ಇಡೀ ಹುಡುಕಾಟದ ಜೀವ ಇಲ್ಲಿದೆ.

ನ್ಯೂ ಇಂಗ್ಲೆಂಡ್ ಕಾಡಿನಲ್ಲಿ ನಡೆಯುವಾಗ ಎಲ್ಲೋ ನಡುಮಧ್ಯೆ ಮೊಣಕಾಲುದ್ದದ ಕಲ್ಲುಗೋಡೆ ಎದುರಾಗುತ್ತದೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು. 18 ಮತ್ತು 19ನೇ ಶತಮಾನದಲ್ಲಿ ರೈತರು ಹೊಲದಿಂದ ಕಲ್ಲು ಆರಿಸಿ ಬದುವಿನಲ್ಲಿ ಗೋಡೆ ಕಟ್ಟಿದರು. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಕಲ್ಲುಗಳವು, ಪ್ರತಿ ಚಳಿಗಾಲ ಕಳೆದ ಮೇಲೆ ನೆಲದಿಂದ ಮತ್ತಷ್ಟು ಮೇಲೇಳುತ್ತಿದ್ದವು. ಆಮೇಲೆ ರೈತರು ಪಶ್ಚಿಮದ ಬಯಲಿಗೋ ಪಟ್ಟಣದ ಮಿಲ್ಲಿಗೋ ಹೋದರು, ಹೊಲಗಳು ಕಾಡಾದವು, ಗೋಡೆ ಉಳಿಯಿತು. 1871ರ ಬೇಲಿ ಗಣತಿಯ ಆಧಾರದ ಮೇಲೆ ಹಾಕಿದ ಅಂದಾಜಿನಂತೆ ನ್ಯೂ ಇಂಗ್ಲೆಂಡ್ ಮತ್ತು ನ್ಯೂಯಾರ್ಕ್ ಕಡೆ ಒಟ್ಟು ಸುಮಾರು 2.4 ಲಕ್ಷ ಮೈಲಿ ಗೋಡೆ ಇತ್ತು. ಹಾವಿಗೆ ಅದು ಸಂದುಗೊಂದುಗಳ ಹೆದ್ದಾರಿ. ಒಳಗೇ ಇಲಿ, ಒಳಗೇ ನೆರಳು, ಮೇಲೆ ಬಿಸಿಲು.

ಆದರೆ ಚಳಿಗಾಲಕ್ಕೆ ಬರೀ ಗೋಡೆ ಸಾಲದು. ಇಲ್ಲಿ ನೆಲ ಮೂರು ನಾಲ್ಕು ಅಡಿ ಆಳದವರೆಗೂ ಹೆಪ್ಪುಗಟ್ಟಬಹುದು. ಹಾವು ಅದಕ್ಕಿಂತ ಕೆಳಗೆ ಇಳಿಯಬೇಕು. ಹಾಗಾಗಿ ಗೋಡೆಯನ್ನು ಹಿಡಿದು ನಡೆಯುತ್ತಾ, ಅದು ಎಲ್ಲಿ ಆಳವಾದ ಜಾಗಕ್ಕೆ ಸೇರುತ್ತದೆ ನೋಡಿ. ಬಂಡೆ ಒಡೆದು ಜಾರಿದ ಇಳಿಜಾರು, ಹಳೇ ರೈಲು ದಾರಿಯ ಕಲ್ಲಿನ ದಿಬ್ಬ, ಮುಚ್ಚಿಹೋದ ಬಾವಿ, ಬಿದ್ದ ಮನೆಯ ನೆಲಮಾಳಿಗೆ ಗುಂಡಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಬಿದ್ದ ಮನೆ ಪತ್ತೆ ಮಾಡಲು ಒಂದು ಉಪಾಯ ಇದೆ, ಗಿಡಗಳನ್ನು ನೋಡಿ. ಕಾಡಿನ ನಡುವೆ ಲೈಲಾಕ್ ಪೊದೆ, ಮುದಿ ಸೇಬಿನ ಮರ, ಡೇ ಲಿಲಿ ಗುಂಪು ಕಂಡರೆ ಅಲ್ಲಿ ಒಂದು ಕಾಲಕ್ಕೆ ಮನೆ ಇತ್ತು ಅಂತಲೇ ಅರ್ಥ. ಸುತ್ತ ಒಂದು ರೌಂಡ್ ಹಾಕಿದರೆ ಪಾಯದ ಕಲ್ಲು ಸಿಗುತ್ತದೆ. ಗುಂಡಿಯ ಅಂಚಿಗೆ ಮಾತ್ರ ತೀರಾ ಹತ್ತಿರ ಹೋಗಬೇಡಿ, ಎಲೆ ಮುಚ್ಚಿದ್ದರೆ ಆಳ ಗೊತ್ತಾಗುವುದಿಲ್ಲ.

ಆಮೇಲೆ ಫೋನಿನ ದಿಕ್ಸೂಚಿ ತೆಗೆಯಿರಿ. ದಕ್ಷಿಣಕ್ಕೆ ಮುಖ ಮಾಡಿದ ಬದಿ ಬೇಕು. ಅಕ್ಟೋಬರ್‌ನಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ಉತ್ತರದ ಬದಿ ದಿನವಿಡೀ ತಣ್ಣಗಿರುತ್ತದೆ. ಮೇಲೆ ಮರದ ಚಪ್ಪರ ದಟ್ಟವಾಗಿರಬಾರದು. ಪಕ್ಕದಲ್ಲಿ ಹುಲ್ಲುಗಾವಲು ಅಥವಾ ತೋಟ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಇಲಿ ಜಾಸ್ತಿ.

ಪೊರೆ ಸಿಕ್ಕಿದರೆ ಬಿಡಬೇಡಿ

ಗೋಡೆಯ ಸಂದಿನಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಹಾವು ಬಿಟ್ಟ ಪೊರೆ ಸಿಕ್ಕಿಹಾಕಿಕೊಂಡಿರುತ್ತದೆ. ಹಾವು ಸಿಗದ ದಿನ ಇದೇ ದೊಡ್ಡ ಬಹುಮಾನ. ಬೆಳಕಿಗೆ ಹಿಡಿದು ಎರಡು ವಿಷಯ ನೋಡಿ.

ಮೊದಲನೆಯದು, ಬೆನ್ನಿನ ಹುರುಪೆಯ ನಡುವೆ ಸಣ್ಣ ಏಣು ಇದೆಯೋ ಇಲ್ಲವೋ. ಗಾರ್ಟರ್, ನೀರುಹಾವು, ಕಾಪರ್‌ಹೆಡ್, ರ‍್ಯಾಟಲ್ ಸ್ನೇಕ್‌ಗಳಿಗೆ ಇರುತ್ತದೆ. ಕಪ್ಪು ರ‍್ಯಾಟ್ ಸ್ನೇಕ್‌ಗೆ ಬೆನ್ನಿನ ಮಧ್ಯದಲ್ಲಿ ಮಾತ್ರ ಮಸುಕಾಗಿ ಕಾಣುತ್ತದೆ. ಮಿಲ್ಕ್ ಸ್ನೇಕ್‌ಗೆ ಇಲ್ಲ.

ಎರಡನೆಯದು, ಹೊಟ್ಟೆಯ ಅಗಲ ಹುರುಪೆಗಳು ಮುಗಿದು ಬಾಲ ಶುರುವಾಗುವ ಕಡೆ ಮಲದ್ವಾರ ಮುಚ್ಚುವ ಹುರುಪೆ. ರೇಸರ್, ರ‍್ಯಾಟ್ ಸ್ನೇಕ್, ಹಸಿರು ಹಾವು, ರಿಂಗ್‌ನೆಕ್‌ಗಳಲ್ಲಿ ಅದು ಎರಡಾಗಿ ಸೀಳಿರುತ್ತದೆ. ಮಿಲ್ಕ್ ಸ್ನೇಕ್‌ನಲ್ಲಿ ಒಂದೇ ಇಡೀ ಹುರುಪೆ. ನುಣುಪು ಮೈ, ಸೀಳದ ಹುರುಪೆ, ಎರಡೂ ಒಟ್ಟಿಗೆ ಇದ್ದರೆ ಈಶಾನ್ಯದ ಬಹುಪಾಲು ಕಡೆ ಅದು ಮಿಲ್ಕ್ ಸ್ನೇಕ್‌ನದೇ ಪೊರೆ. ದಕ್ಷಿಣ ನ್ಯೂ ಜೆರ್ಸಿ ಮತ್ತು ಅದರ ಕೆಳಗಿನ ರಾಜ್ಯಗಳಲ್ಲಿ ಮಾತ್ರ ಈಸ್ಟರ್ನ್ ಕಿಂಗ್ ಸ್ನೇಕ್ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಪೊರೆಯ ಮೇಲೆ ಮಚ್ಚೆಯ ನೆರಳು ಕಾಣುತ್ತಿದೆಯಾ ನೋಡಿ, ಸಾಮಾನ್ಯವಾಗಿ ಸ್ವಲ್ಪ ಉಳಿದಿರುತ್ತದೆ.

ಹಂತ 5: ಅನುಮತಿ

ರಾಷ್ಟ್ರೀಯ ಉದ್ಯಾನಗಳಲ್ಲಿ ಮತ್ತು ಅದೇ ಇಲಾಖೆಯ ಕೈಕೆಳಗಿರುವ ಡೆಲವೇರ್ ವಾಟರ್ ಗ್ಯಾಪ್‌ನಂಥ ಜಾಗಗಳಲ್ಲಿ ಕಾಡುಪ್ರಾಣಿಗಳಿಗೆ ತೊಂದರೆ ಕೊಡುವುದು ಕಾನೂನುಬಾಹಿರ. ಅಲ್ಲಿ ದಾರಿಯಲ್ಲೇ ನಡೆದು ಕಣ್ಣಲ್ಲಿ ನೋಡಿ, ಅಷ್ಟೇ. ರಾಜ್ಯದ ಪಾರ್ಕ್‌ಗಳಿಗೆ ಅವುಗಳದೇ ನಿಯಮ ಇದೆ, ಹೊರಡುವ ಮೊದಲು ಓದಿಕೊಳ್ಳಿ. ಖಾಸಗಿ ಜಮೀನಾದರೆ ಮಾಲೀಕರ ಬಾಗಿಲು ತಟ್ಟಿ ಕೇಳಿ. ಹಾವು ನೋಡಲು ಬಂದಿದ್ದೇವೆ ಅಂದರೆ ಮೊದಲು ವಿಚಿತ್ರವಾಗಿ ನೋಡುತ್ತಾರೆ. ಆಮೇಲೆ ಅವರೇ ಕೊಟ್ಟಿಗೆ ತೋರಿಸುವುದೂ ಉಂಟು.

ಹಂತ 6: ಉಣುಗು, ಐವಿ, ಬೇಟೆಗಾರರು

ಈ ಹುಡುಕಾಟದಲ್ಲಿ ಹಾವಿಗಿಂತ ಜಾಸ್ತಿ ಹೆದರಬೇಕಾದ್ದು ಉಣುಗಿಗೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ ಅಲ್ವಾ. ಇಲ್ಲಿ ಕಪ್ಪು ಕಾಲಿನ ಉಣುಗು ಲೈಮ್ ಕಾಯಿಲೆ ತರುತ್ತದೆ. ಬೆಳೆದ ಉಣುಗುಗಳ ಕಾಟ ಅಕ್ಟೋಬರ್, ನವೆಂಬರ್‌ನಲ್ಲಿ ಮತ್ತೆ ಏರುತ್ತದೆ. ಉದ್ದ ಪ್ಯಾಂಟ್ ಹಾಕಿ, ಅದನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ಬಟ್ಟೆ ಮತ್ತು ಬೂಟಿಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಹೊಡೆದು ಪೂರ್ತಿ ಒಣಗಿಸಿ. ಅದನ್ನು ಮೈಗೆ ಹಚ್ಚಬಾರದು, ಒಣಗುವವರೆಗೆ ಬೆಕ್ಕನ್ನು ಹತ್ತಿರ ಬಿಡಬಾರದು. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಮಂಡಿಯ ಹಿಂದೆ, ಕಂಕುಳು, ಕೂದಲ ಬುಡ ನೋಡಿಕೊಳ್ಳಿ.

ಕಲ್ಲುಗೋಡೆಗೆ ಪಾಯ್ಸನ್ ಐವಿ ಹಬ್ಬಿರುತ್ತದೆ. ಮೂರು ಮೂರು ಎಲೆಯ ಬಳ್ಳಿ, ಫಾಲ್‌ನಲ್ಲಿ ಕೆಂಪಗೆ ಚೆಂದ ಕಾಣುತ್ತದೆ, ಮಕ್ಕಳು ಕೀಳಲು ಹೋಗುತ್ತಾರೆ. ಗೇರಿನ ಬಳಗದ್ದೇ ಗಿಡ ಇದು, ಮುಟ್ಟಿದರೆ ಬೊಬ್ಬೆ ಏಳುತ್ತದೆ.

ಬೇಟೆಯ ಸೀಸನ್ ಕೂಡ ಇದೇ. ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಅಥವಾ ಟೋಪಿ ಇಲ್ಲದೆ ಕಾಡಿಗೆ ಇಳಿಯಬೇಡಿ. ಚೀಲದಲ್ಲಿ ನೀರು, ಟಾರ್ಚ್, ದಪ್ಪ ಗ್ಲೌಸ್, ಒಂದು ಉದ್ದ ಹಿಡಿಯ ಕೊಕ್ಕೆ ಅಥವಾ ಸಣ್ಣ ರೇಕ್ ಇದ್ದರೆ ಸಾಕು.

ಹಂತ 7: ಹುಡುಕುವ ಕ್ರಮ

ಮೊದಲ ಅರ್ಧ ಗಂಟೆ ಏನನ್ನೂ ಮುಟ್ಟಬೇಡಿ. ಗೋಡೆಯಿಂದ ಒಂದೆರಡು ಮೀಟರ್ ದೂರ ಇಟ್ಟುಕೊಂಡು, ನಿಮ್ಮ ನೆರಳು ಗೋಡೆಯ ಮೇಲೆ ಬೀಳದಂತೆ ನಡೆಯಿರಿ. ನಾಲ್ಕು ಹೆಜ್ಜೆ ಇಡಿ, ನಿಲ್ಲಿ, ಸಂದುಗಳಲ್ಲಿ ಕಣ್ಣಾಡಿಸಿ. ಇಡೀ ಹಾವು ಕಾಣುತ್ತದೆ ಅಂದುಕೊಳ್ಳಬೇಡಿ. ಕಾಣುವುದು ಎರಡು ಕಲ್ಲಿನ ನಡುವೆ ಒಂದು ಸುರುಳಿ, ಕೆಂಗಂದು ಮಚ್ಚೆ, ಅದರ ಕಪ್ಪು ಅಂಚು. ಬಿದ್ದ ಓಕ್ ಎಲೆಯ ಬಣ್ಣವೂ ಅದೇ ಆಗಿರುವುದರಿಂದ ಬಣ್ಣ ಹುಡುಕಿದರೆ ಕಣ್ಣಿಗೆ ಸಿಗುವುದಿಲ್ಲ. ಹೊಳಪು ಹುಡುಕಿ. ಒಣ ಎಲೆ ಹಾಗೆ ಹೊಳೆಯುವುದಿಲ್ಲ.

ಎತ್ತಿ ನೋಡಲು ಅನುಮತಿ ಇರುವ ಕಡೆ, ಬಿಸಿಲಲ್ಲಿ ಬಿಡಿಯಾಗಿ ಬಿದ್ದ ಹಲಗೆ, ತಗಡಿನ ಶೀಟ್, ಚಪ್ಪಟೆ ಕಲ್ಲು ಇವುಗಳನ್ನು ಮಾತ್ರ ಎತ್ತಿ. ಕಲ್ಲಿನ ಆಚೆ ಅಂಚಿಗೆ ಕೊಕ್ಕೆ ಹಾಕಿ ನಿಮ್ಮ ಕಡೆಗೆ ಎಬ್ಬಿಸಿ. ಹಾಗೆ ಮಾಡಿದರೆ ಕಲ್ಲೇ ನಿಮಗೂ ಹಾವಿಗೂ ನಡುವೆ ಅಡ್ಡ ಇರುತ್ತದೆ. ಬೆರಳನ್ನು ಎಂದೂ ಕೆಳಗೆ ತೂರಿಸಬೇಡಿ. ನೋಡಿದ ಮೇಲೆ ಮೊದಲು ಹೇಗಿತ್ತೋ ಅದೇ ಗುಳಿಯಲ್ಲಿ, ಅದೇ ಮಗ್ಗುಲಲ್ಲಿ ಕೂರಿಸಿ. ಅಂಚಿನ ಮಣ್ಣು ಸರಿಯಾಗಿ ಕೂತರೆ ಮಾತ್ರ ಒಳಗಿನ ತೇವ, ಶಾಖ ಉಳಿಯುತ್ತದೆ. ಕೆಳಗೆ ಹಾವಿದ್ದರೆ ಅದರ ಮೇಲೆ ಕಲ್ಲು ಹಾಕಬೇಡಿ. ಕಲ್ಲು ಇಟ್ಟು, ಹಾವನ್ನು ಅಂಚಿನಲ್ಲಿ ಬಿಟ್ಟರೆ ಅದೇ ಒಳಗೆ ಹೋಗುತ್ತದೆ. ಕೊಳೆತ ದಿಮ್ಮಿ ಒಡೆಯಬೇಡಿ. ಕಲ್ಲುಗೋಡೆ ಬಿಚ್ಚುವುದಂತೂ ಕೂಡದು. ವಸಂತದಲ್ಲಿ ಜಾಗ ಕಳಕೊಂಡ ಹಾವಿಗೆ ಇನ್ನೊಂದು ಹುಡುಕಲು ಇಡೀ ಬೇಸಿಗೆ ಇರುತ್ತದೆ. ಅಕ್ಟೋಬರ್‌ನಲ್ಲಿ ಕಳಕೊಂಡದ್ದಕ್ಕೆ ಎರಡು ವಾರವೂ ಇರಲಿಕ್ಕಿಲ್ಲ.

ಕಾಡಂಚಿನ ಡಾಂಬರು ರಸ್ತೆಯನ್ನೂ ನೋಡಿ. ಸೆಪ್ಟೆಂಬರ್‌ನ ಬೆಚ್ಚಗಿನ ಸಂಜೆ, ಮಳೆ ನಿಂತ ಮೇಲೆ ಹಾವುಗಳು ದಾಟುತ್ತವೆ. ಕಾರಿನಡಿ ಸತ್ತ ಮರಿ ಸಿಕ್ಕರೆ ಆಸುಪಾಸಿನಲ್ಲೇ ಎಲ್ಲೋ ಮೊಟ್ಟೆ ಇಟ್ಟ ಜಾಗ ಇದೆ ಅಂತ ಬರೆದಿಟ್ಟುಕೊಳ್ಳಿ.

ಹಂತ 8: ಸಿಕ್ಕಿತು, ಈಗ?

ನಿಂತಲ್ಲೇ ಕೂತುಬಿಡಿ. ಹಾವು ಮೊದಲು ಅಲುಗಾಡದೆ ಇರುತ್ತದೆ. ಸ್ವಲ್ಪ ಹೊತ್ತಿಗೆ ನಾಲಗೆ ಹೊರಬರುತ್ತದೆ, ಮೊದಲು ನಿಧಾನ, ಆಮೇಲೆ ಚುರುಕು. ಅದು ಗಾಳಿಯ ವಾಸನೆ ಹಿಡಿಯುತ್ತಿದೆ. ಆಮೇಲೆ ಹೊರಡುತ್ತದೆ. ಕಲ್ಲಿನ ಸಂದಿನಲ್ಲಿ ತಲೆ ಹೊಕ್ಕ ಜಾಗಕ್ಕೇ ಇಡೀ ಮೈ ಒಂದೊಂದೇ ಮಚ್ಚೆಯಾಗಿ ಇಳಿಯುವುದನ್ನು ನೋಡುವುದೇ ಒಂದು ಸೊಗಸು. ಕೈಯಲ್ಲಿ ಹಿಡಿದವರಿಗೆ ಅದು ಸಿಗುವುದಿಲ್ಲ.

ಹಿಡಿಯಲೇಬೇಕಾ? ಬೇಡ ಅನ್ನುತ್ತೇನೆ. ಹಿಡಿದರೆ ಕಚ್ಚಬಹುದು, ನಾರುವ ದ್ರವ ಬಿಡಬಹುದು. ಕಚ್ಚಿದರೆ ಸಣ್ಣ ಗೀರು ಅಷ್ಟೇ, ಸೋಪು ಹಾಕಿ ತೊಳೆದರೆ ಸಾಕು. ದೊಡ್ಡ ಚಿಂತೆ ಹಾವಿನದು: ಓಫಿಡಿಯೊಮೈಸಿಸ್ ಅನ್ನುವ ಶಿಲೀಂಧ್ರದ ಚರ್ಮರೋಗ ಅಮೆರಿಕದ ಕಾಡುಹಾವುಗಳಲ್ಲಿ ಹರಡಿದೆ, ಮಿಲ್ಕ್ ಸ್ನೇಕ್‌ನಲ್ಲೂ ಕಂಡುಬಂದಿದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟು, ಕೊಕ್ಕೆಗಳ ಮಣ್ಣು ತೆಗೆದು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ ಒರೆಸಿ. ಮುಖ ಊದಿದ, ಮೈಮೇಲೆ ಹಕ್ಕಳೆ ಎದ್ದ ಹಾವು ಕಂಡರೆ ಮುಟ್ಟದೆ ಫೋಟೋ ತೆಗೆದು ರಾಜ್ಯದ ವನ್ಯಜೀವಿ ಇಲಾಖೆಗೆ ಕಳಿಸಿ.

ಫೋಟೋಗೆ ನೆಲದ ಮಟ್ಟಕ್ಕೆ ಬಗ್ಗಿ, ಜೂಮ್ ಬಳಸಿ. ಕತ್ತಿನ ವೈ ಗುರುತು, ಬೆನ್ನು, ಪಕ್ಕೆ, ಈ ಮೂರು ಬಂದರೆ ಗುರುತು ಹಿಡಿಯಲು ಸಾಕು. ಐನ್ಯಾಚುರಲಿಸ್ಟ್‌ಗೆ (ಜೀವಿಗಳ ಫೋಟೋ ದಾಖಲಿಸುವ ಆ್ಯಪ್) ಹಾಕುವಾಗ ಜಾಗದ ಆಯ್ಕೆಯನ್ನು "ಮಸುಕು" ಮಾಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಲೊಕೇಶನ್ ಕಳಿಸಬೇಡಿ. ಚಂದದ ಹಾವುಗಳನ್ನು ಹಿಡಿದು ಮಾರುವವರಿಗೆ ಬಿಡಾರದ ವಿಳಾಸ ಸಿಕ್ಕರೆ ಒಂದೇ ದಿನದಲ್ಲಿ ಎಲ್ಲ ಖಾಲಿ.

ಹುಡುಕದೆಯೇ ಸಿಕ್ಕರೆ: ಬೇಸ್‌ಮೆಂಟ್‌ನ ಹಾವು

ಹಳೇ ಕಲ್ಲಿನ ಪಾಯದ ಮನೆಗಳಲ್ಲಿ ಅಕ್ಟೋಬರ್‌ನಲ್ಲಿ ಮಿಲ್ಕ್ ಸ್ನೇಕ್ ಬೇಸ್‌ಮೆಂಟ್‌ಗೇ ಬರುತ್ತದೆ. ಅದಕ್ಕೆ ಅದೂ ಒಂದು ಬಂಡೆಯ ಬಿರುಕು. ಕೂಗಾಡಬೇಡಿ, ಹೊಡೆಯಲು ಪೊರಕೆ ಎತ್ತಬೇಡಿ. ಮಕ್ಕಳನ್ನು, ನಾಯಿಯನ್ನು ಮೇಲೆ ಕಳಿಸಿ, ದೂರದಿಂದ ಫೋಟೋ ತೆಗೆದು ಗುರುತು ಹಿಡಿಯಿರಿ. ಮಿಲ್ಕ್ ಸ್ನೇಕೇ ಅಂತ ಖಚಿತವಾದರೆ ಒಂದು ದೊಡ್ಡ ಡಬ್ಬವನ್ನು ಅಡ್ಡ ಮಲಗಿಸಿ, ಪೊರಕೆಯಿಂದ ನಿಧಾನಕ್ಕೆ ಅದರೊಳಗೆ ಸರಿಸಿ. ಹೊರಗೆ ಬೆಚ್ಚಗಿದ್ದರೆ ಮನೆಯ ಹತ್ತಿರದ ಕಲ್ಲುರಾಶಿಯಲ್ಲಿ ಬಿಡಿ. ಮೈಲಿಗಟ್ಟಲೆ ದೂರ ಒಯ್ಯಬೇಡಿ, ಅದಕ್ಕೆ ಅಲ್ಲಿ ಬಿಡಾರ ಗೊತ್ತಿರುವುದಿಲ್ಲ.

ಕಾಪರ್‌ಹೆಡ್ ಇರಬಹುದು ಅನ್ನುವ ಅನುಮಾನ ಸ್ವಲ್ಪ ಉಳಿದರೂ ನೀವೇ ಕೈ ಹಾಕಬೇಡಿ, ಬಾಗಿಲು ಹಾಕಿ ಊರಿನ ಪ್ರಾಣಿ ನಿಯಂತ್ರಣದವರನ್ನು ಕರೆಯಿರಿ. ವಿಷದ ಹಾವು ಕಚ್ಚಿದರೆ 911ಕ್ಕೆ ಕರೆ ಮಾಡಿ. ಸಲಹೆಗೆ 1-800-222-1222 ಇದೆ, ಅದು ದೇಶದ ವಿಷ ನಿಯಂತ್ರಣ ಸಹಾಯವಾಣಿ. ಕಟ್ಟು ಹಾಕುವುದು, ಕೊಯ್ಯುವುದು, ಐಸ್ ಇಡುವುದು ಯಾವುದೂ ಬೇಡ.

ಜನವರಿಯ ಕೊರೆಯುವ ಚಳಿಯಲ್ಲಿ ಕಂಡರೆ ಹೊರಗೆ ಬಿಡುವಂತಿಲ್ಲ, ಸಾಯುತ್ತದೆ. ರಾಜ್ಯದ ಪರವಾನಗಿ ಇರುವ ವನ್ಯಜೀವಿ ಆರೈಕೆದಾರರಿಗೆ ಫೋನ್ ಮಾಡಿ. ಇಲ್ಲವೇ ಅದರ ಪಾಡಿಗೆ ಅದನ್ನು ಮೂಲೆಯಲ್ಲಿ ಬಿಟ್ಟು, ಏಪ್ರಿಲ್‌ನಲ್ಲಿ ಅದು ಹೊರಹೋದ ಮೇಲೆ ಪಾಯದ ಬಿರುಕುಗಳನ್ನು ಮುಚ್ಚಿಸಿ. ಹಾವು ಒಳಗೆ ಬಂದಿದೆ ಅಂದರೆ ಇಲಿಯೂ ಬರುತ್ತಿದೆ ಅಂತ ಅರ್ಥ, ಎರಡಕ್ಕೂ ದಾರಿ ಅದೇ ಬಿರುಕು.